ಅಂಟಿಲ್ಲದೆ ಕೂಡಿಸಿದ ಗುಜರಿ ಆಭರಣ

ಹಳೇ ಬೀಗದ ಕೈ, ನಿಂತುಹೋದ ಕೈಗಡಿಯಾರದ ಹಲ್ಲುಚಕ್ರ, ಒಡೆದ ಪಿಂಗಾಣಿ ಚೂರು, ಸವೆದ ಸೈಕಲ್ ಟ್ಯೂಬು. ಇಂಥವುಗಳಿಂದ ಆಭರಣ ಮಾಡಲು ಹೊರಟವರಿಗೆ ವಸ್ತು ಸಿಗುವುದು ಕಷ್ಟವಲ್ಲ. ಒಂದಕ್ಕೊಂದು ಹೇಗೆ ಕೂಡಿಸುತ್ತೀರಿ ಎನ್ನುವುದರಲ್ಲೇ ಕಸುಬೆಲ್ಲ ಇದೆ.

ನಾನು ಅಂಟು ಬಳಸುವುದಿಲ್ಲ. ಬೆವರು ತಾಗಿ ತಾಗಿ ಅದು ಸಡಿಲವಾಗುತ್ತದೆ, ಮತ್ತೆ ಬಿಚ್ಚಿ ಸರಿಮಾಡಲೂ ಬರುವುದಿಲ್ಲ. ತಂತಿ ಸುತ್ತುತ್ತೇನೆ, ಕೊಂಡಿ ಹಾಕುತ್ತೇನೆ, ರಿವೆಟ್ (ತೂತಿನಲ್ಲಿ ತೂರಿಸಿ ಎರಡೂ ತುದಿ ಬಡಿದು ಹರಡಿಸುವ ಲೋಹದ ಕಡ್ಡಿ) ಹೊಡೆಯುತ್ತೇನೆ. ತೂಗಾಡುವ ಶಿಲ್ಪಗಳಿಂದ ಹೆಸರಾದ ಅಲೆಕ್ಸಾಂಡರ್ ಕಾಲ್ಡರ್ ಸುಮಾರು 1,800 ಆಭರಣಗಳನ್ನು ಮಾಡಿದ್ದರು. ಬಡಿದ ಹಿತ್ತಾಳೆ ತಂತಿ, ಒಡೆದ ಗಾಜು, ಪಿಂಗಾಣಿ ಚೂರು ಅವರ ಸಾಮಗ್ರಿ. ಬೆಸುಗೆಯ ಗೊಡವೆಗೆ ಅವರು ಹೋಗಿದ್ದು ಬಲು ಅಪರೂಪ. ಆ ಆಭರಣಗಳ ಚಿತ್ರ ನೋಡಿದಾಗಲೆಲ್ಲ ನನ್ನ ದಾರಿ ಸರಿಯಿದೆ ಅನಿಸುತ್ತದೆ.

ತಾಮ್ರದ ತಂತಿಯನ್ನು ಹಳೇ ವಿದ್ಯುತ್ ಕೇಬಲ್‌ನಿಂದ ತೆಗೆಯುತ್ತೇನೆ. ಮೇಲಿನ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಸುಲಿಯಬೇಕು, ಎಂದಿಗೂ ಸುಡಬಾರದು. ಅದು ಸಾಮಾನ್ಯವಾಗಿ ಪಿವಿಸಿ ಎಂಬ ಪ್ಲಾಸ್ಟಿಕ್, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್‌ನಂಥ ವಿಷದ ಹೊಗೆ ಏಳುತ್ತದೆ. ಬಗ್ಗಿಸಿ ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಹಟ ಮಾಡಿ ಬಗ್ಗಿಸಿದರೆ ಮುರಿಯುತ್ತದೆ. ಆಗ ಮಂದ ಕೆಂಪು ಬರುವ ತನಕ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗೆ ಮಾತು ಕೇಳುತ್ತದೆ. ಇಂಗಾಲ ಹೆಚ್ಚಿರುವ ಉಕ್ಕನ್ನು ಚೆನ್ನಾಗಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ತಾಮ್ರದ ಗುಣವೇ ಬೇರೆ.

ಇನ್ನು ರಿವೆಟ್. ಹಲ್ಲುಚಕ್ರವನ್ನು ತಾಮ್ರದ ತಗಡಿನ ಮೇಲೆ ಕೂರಿಸಬೇಕು ಅಂದುಕೊಳ್ಳಿ. ಎರಡನ್ನೂ ಒತ್ತಿ ಹಿಡಿದು 1 ಮಿ.ಮೀ. ತೂತು ಕೊರೆದು, ಅದೇ ದಪ್ಪದ ತಂತಿಯನ್ನು ಬಿಗಿಯಾಗಿ ತೂರಿಸುತ್ತೇನೆ. ತಂತಿ ಸಡಿಲವಿದ್ದರೆ ಒಳಗೇ ಬಾಗುತ್ತದೆ, ತಲೆ ಕಟ್ಟುವುದಿಲ್ಲ. ಎರಡೂ ಕಡೆ ಅರ್ಧ ಮಿ.ಮೀ. ಮಾತ್ರ ಹೊರಗಿಟ್ಟು ಕತ್ತರಿಸಿ, ಅರದಿಂದ ತುದಿ ಸಮ ಮಾಡಿ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತೇನೆ. ನಾಲ್ಕಾರು ಪೆಟ್ಟಿಗೊಮ್ಮೆ ಮಗುಚಿ ಹಾಕಿದರೆ ಎರಡೂ ತಲೆ ಅಣಬೆಯ ಹಾಗೆ ಹರಡಿಕೊಂಡು ಬರುತ್ತವೆ. ಒಮ್ಮೆಗೇ ಜೋರಾಗಿ ಹೊಡೆಯುವುದಕ್ಕಿಂತ ಈ ತಾಳ್ಮೆಯ ತಟ್ಟು ಹೆಚ್ಚು ಗಟ್ಟಿ.

ಗಾಜಿಗೂ ಪಿಂಗಾಣಿಗೂ ಸುತ್ತಿಗೆ ಆಗದು. ಅವಕ್ಕೆ ತಂತಿಯ ಪಂಜರವೇ ಸರಿ. ತೂತು ಬೇಕೇ ಬೇಕಾದರೆ ಡ್ರಿಲ್ಲಿಗೆ ಡೈಮಂಡ್ ಬಿಟ್ (ವಜ್ರದ ಪುಡಿ ಕೂರಿಸಿದ ಕೊರೆಯುವ ಮೊನೆ) ಹಾಕಿ, ಜಾಗವನ್ನು ನೀರಲ್ಲಿ ನೆನೆಸಿಟ್ಟು, ನಿಧಾನಕ್ಕೆ ಕೊರೆಯುತ್ತೇನೆ. ನೀರು ಬಿಸಿ ಏರದಂತೆ ತಡೆಯುತ್ತದೆ, ಪುಪ್ಪುಸಕ್ಕೆ ಕೆಡುಕಾದ ಧೂಳನ್ನೂ ಅಡಗಿಸುತ್ತದೆ. ವಿದ್ಯುತ್ತಿನ ಡ್ರಿಲ್ ನೀರಿಗೆ ತಾಗದಂತೆ ನೋಡಿಕೊಳ್ಳಬೇಕು. ಬಿಟ್ಟಿನ ತುದಿ ಮಾತ್ರ ನೆನೆಯಬೇಕು.

ಕೆಲವನ್ನು ನಾನು ಕೈಗೆತ್ತಿಕೊಳ್ಳುವುದೇ ಇಲ್ಲ. ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಹಚ್ಚಿದ ಹಳೇ ಗಡಿಯಾರದ ಮುಖಗಳಲ್ಲಿ ರೇಡಿಯಂ ಇರಬಹುದು. ಹೊಳಪು ನಿಂತಿದ್ದರೂ ವಿಕಿರಣ ನಿಂತಿರುವುದಿಲ್ಲ. ಹಳೇ ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲಿ ಸೀಸವಿರುತ್ತದೆ. ಹಿತ್ತಾಳೆ ಬೀಗದ ಕೈಗಳಲ್ಲೂ ಸ್ವಲ್ಪ ಸೀಸ ಬೆರೆತಿರುವುದುಂಟು, ಹಾಗಾಗಿ ಮಕ್ಕಳಿಗೆ ಅವುಗಳ ಸರ ಮಾಡಿಕೊಡುವುದಿಲ್ಲ.

ಕಿವಿಯೊಳಗೆ ಹೋಗುವ ಕೊಕ್ಕೆಗೆ ಮಾತ್ರ ಗುಜರಿ ಲೋಹ ಬೇಡ. ಅದರಲ್ಲಿ ನಿಕ್ಕಲ್ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ನಿಕ್ಕಲ್ ಆಗದವರಿಗೆ ಕಿವಿ ಹುಣ್ಣಾಗುತ್ತದೆ. 0.8 ಮಿ.ಮೀ. ದಪ್ಪದ ಹೊಸ ಬೆಳ್ಳಿ ಇಲ್ಲವೆ ಟೈಟಾನಿಯಂ ತಂತಿ ತೆಗೆದುಕೊಂಡು, ತುದಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ದುಂಡಗೆ ಮಾಡುತ್ತೇನೆ. ಬೆರಳಿಗೆ ಒಂಚೂರೂ ಚುಚ್ಚದಂತಾದರೆ ಕಿವಿಗೂ ಆದೀತು.