ದೇವರ ಮಾತನ್ನು ಗ್ರೂಪಿಗೆ ಹಾಕುವ ಮುನ್ನ ಕ್ರಿಯಾಪದ ನೋಡಿ

ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿರಲಿ, ಶಾಲೆಯ ಪೋಷಕರ ಗ್ರೂಪಿರಲಿ, ನೀರಿನ ಟ್ಯಾಂಕರಿಂದ ಶುರುವಾದ ಮಾತು ಸಂಜೆಯೊಳಗೆ ದೇವರ ತನಕ ಹೋಗಿ ಇಬ್ಬರು ಎಕ್ಸಿಟ್ ಆಗಿರುತ್ತಾರೆ. ಹಾಗಂತ ಗ್ರೂಪಿನಲ್ಲಿ ದೇವರ ಹೆಸರೇ ಬೇಡ ಅನ್ನುವುದು ಕೆಲಸಕ್ಕೆ ಬಾರದ ನಿಯಮ. ಕನ್ನಡದಲ್ಲಿ ಹರಸುವುದಕ್ಕೂ ಅಳುವುದಕ್ಕೂ ನಿಟ್ಟುಸಿರು ಬಿಡುವುದಕ್ಕೂ ದೇವರು ಬೇಕು. ನಾಸ್ತಿಕರೂ ಬಸ್ಸು ತಪ್ಪಿದಾಗ ‘ಅಯ್ಯೋ ದೇವರೇ’ ಅನ್ನುತ್ತಾರೆ. ಯಾವ ದೇವರ ಹೆಸರು ಬಂತು ಎಂಬುದಕ್ಕಿಂತ ವಾಕ್ಯ ಎಲ್ಲಿಗೆ ಹೋಗಿ ಮುಗಿಯಿತು ಎಂಬುದರಿಂದಲೇ ಹೆಚ್ಚಿನ ಜಗಳ ಹುಟ್ಟುತ್ತದೆ. ಆದ್ದರಿಂದ ಕಳಿಸುವ ಮುನ್ನ ಮೊದಲು ಕ್ರಿಯಾಪದ ನೋಡಿ.

‘ಲಿ’ ಮತ್ತು ‘ಏ’

‘ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.’ ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ‘ಲಿ’ಯಲ್ಲಿ ಮುಗಿಯುವ ಮಾತು ಹಾರೈಕೆ. ಅದು ದೇವರ ಕಡೆ ಮುಖ ಮಾಡಿರುತ್ತದೆ, ಓದುವವರಿಂದ ಏನನ್ನೂ ಕೇಳುವುದಿಲ್ಲ. ಅದೇ ಹಾರೈಕೆ ‘ಸಂಕಟ ಕಳೆಯಬೇಕಾದರೆ ನಮ್ಮ ಸ್ವಾಮಿಯನ್ನೇ ನಂಬಿ’ ಎಂದಾದಾಗ ಎರಡು ಪೆಟ್ಟು ಬೀಳುತ್ತದೆ. ‘ನಂಬಿ’ ಎಂಬುದು ಅಪ್ಪಣೆ. ‘ಸ್ವಾಮಿಯನ್ನೇ’ ಎಂಬಲ್ಲಿನ ಆ ಪುಟ್ಟ ‘ಏ’ ಮಿಕ್ಕ ದೇವರುಗಳನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕುತ್ತದೆ. ಬರೆದವರಿಗೆ ಇದು ಕಾಣುವುದಿಲ್ಲ. ಬೇರೆ ದೇವರಿಗೆ ನಡೆದುಕೊಳ್ಳುವವರಿಗೆ ಮೊದಲು ಕಾಣುವುದೇ ಇದು.

ನಂಬಿಕೆಯನ್ನು ನಂಬಿಕೆಯೆಂದೇ ಹೇಳಲು ಕನ್ನಡದಲ್ಲಿ ಒಳ್ಳೆಯ ಸಲಕರಣೆಗಳಿವೆ: ‘ನಮ್ಮಲ್ಲಿ ಹೀಗೆ’, ‘ಅಂತ ನಮ್ಮ ನಂಬಿಕೆ’, ‘ನಮ್ಮ ಮನೆಯಲ್ಲಿ ನಡೆದು ಬಂದದ್ದು’. ‘ಶನಿವಾರ ಎಣ್ಣೆ ಕೊಂಡು ಮನೆಗೆ ತರಬಾರದು’ ಎಂದು ಬರೆದರೆ ಹತ್ತು ಜನ ತಿರುಗಿ ಬೀಳುತ್ತಾರೆ. ‘ಶನಿವಾರ ನಮ್ಮಲ್ಲಿ ಎಣ್ಣೆ ತರುವುದಿಲ್ಲ, ಸೋಮವಾರ ತಂದುಕೊಡುತ್ತೇನೆ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಒಂದು ಮೆಸೇಜನ್ನು ಬಿಡಿಸಿ ನೋಡೋಣ. ಮೂರನೇ ಮಹಡಿಯವರಿಗೆ ಆಪರೇಷನ್. ಗ್ರೂಪಿಗೆ ಹೀಗೊಂದು ಮಾತು ಬಂತು ಅಂದುಕೊಳ್ಳಿ:

‘ಆಂಟಿ, ನಿಮಗೆ ಆಪರೇಷನ್ ಅಂತ ಗೊತ್ತಾಯ್ತು. ಗುರುವಾರ ರಾಯರ ಮಠಕ್ಕೆ ಹರಕೆ ಹೊತ್ತುಕೊಳ್ಳಿ. ರಾಯರೇ ಕಾಪಾಡಬೇಕು, ಡಾಕ್ಟರ್ ಕೈಯಲ್ಲಿ ಏನಿದೆ? ನಿಮ್ಮ ಗೋತ್ರ, ನಕ್ಷತ್ರ ಇಲ್ಲೇ ಹಾಕಿ.’

ಬರೆದವರ ಮನಸ್ಸಿನಲ್ಲಿ ಅಕ್ಕರೆಯೇ ಇದೆ. ಆದರೆ ಆಂಟಿ ಯಾರಿಗೂ ಹೇಳದ ಕಾಯಿಲೆ ಇಡೀ ಬಿಲ್ಡಿಂಗಿಗೆ ಗೊತ್ತಾಯಿತು. ಹರಕೆಯ ಹೊರೆ ಮಲಗಿರುವವರ ಮೇಲೇ ಬಿತ್ತು. ಡಾಕ್ಟರ್ ಬಗ್ಗೆ ಆಡಿದ ಮಾತು ಧೈರ್ಯ ಕೊಡುವ ಬದಲು ಹೆದರಿಸಿತು. ಗೋತ್ರ ಕೇಳಿದ್ದು ಎಲ್ಲರೆದುರು ಜಾತಿ ಕೇಳಿದ ಹಾಗೆ. ಇದನ್ನೇ ಗ್ರೂಪಿನಿಂದ ತೆಗೆದು, ಅವರೊಬ್ಬರಿಗೇ ಬರೆಯಿರಿ:

‘ಆಂಟಿ, ಎಲ್ಲ ಸಲೀಸಾಗಿ ಆಗಲಿ, ಬೇಗ ಮನೆಗೆ ಬನ್ನಿ. ಗುರುವಾರ ನಾನು ಮಠಕ್ಕೆ ಹೋಗ್ತಿದ್ದೀನಿ. ನಿಮ್ಮ ಹೆಸರಲ್ಲಿ ಪಂಚಾಮೃತ ಸೇವೆ ಮಾಡಿಸಲಾ? ಬೇಡ ಅಂದ್ರೂ ಬೇಜಾರಿಲ್ಲ. ಆಸ್ಪತ್ರೆಗೆ ಊಟ ಯಾವತ್ತು ತರಲಿ ಹೇಳಿ.’

ಒಪ್ಪಿದ ಮೇಲೆ ಸಂಕಲ್ಪಕ್ಕೆ ಬೇಕಾದ ವಿವರ ಕೇಳಿ. ‘ಬೇಡ ಅಂದ್ರೂ ಬೇಜಾರಿಲ್ಲ’ ಎಂಬ ಮೂರು ಪದ ಬಿಡಬೇಡಿ. ಕ್ರೈಸ್ತ ಸ್ನೇಹಿತರು ‘ನಿಮಗಾಗಿ ಪ್ರಾರ್ಥನೆ ಮಾಡಲಾ?’ ಎಂದಾಗಲೂ, ಮುಸ್ಲಿಂ ಸ್ನೇಹಿತರು ‘ದುಆ ಮಾಡುತ್ತೇವೆ’ ಎಂದಾಗಲೂ ಇದೇ ಲೆಕ್ಕ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ‘ನಿಮ್ಮ ಪ್ರೀತಿಗೆ ಋಣಿ’ ಅಂದರೆ ಸಾಕು. ನಂಬುತ್ತೇನೆಂದು ನಟಿಸಬೇಕಿಲ್ಲ, ‘ಇದೆಲ್ಲ ಸುಳ್ಳು’ ಎಂದು ಪಾಠ ಮಾಡುವ ಹೊತ್ತೂ ಅದಲ್ಲ.

‘11 ಜನರಿಗೆ ಕಳಿಸಿ, ರಾತ್ರಿಯೊಳಗೆ ಶುಭಸುದ್ದಿ, ಅಳಿಸಿದರೆ ಕೆಡುಕು’ ಎಂಬ ಜಾತಿಯ ಮೆಸೇಜು ಹಿಂದೆ ಅಂಚೆ ಕಾರ್ಡಿನಲ್ಲಿ ಬರುತ್ತಿದ್ದ ಬೆದರಿಕೆಯೇ. ಅದರಲ್ಲಿ ಭಕ್ತಿಗಿಂತ ಭಯ ಜಾಸ್ತಿ. ವಾಟ್ಸ್ಆ್ಯಪ್ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಲು ಬಿಡುತ್ತದೆ. ಜೋಡಿ ಬಾಣದ ಗುರುತು ಬಿದ್ದಿದ್ದರೆ ಒಂದು ಸಲಕ್ಕೆ ಒಂದೇ ಚಾಟ್. ಆ ಜೋಡಿ ಬಾಣ ಕಂಡರೆ ಅಲ್ಲೇ ನಿಲ್ಲಿಸಿ. ಕಳಿಸಿದವರು ಹಿರಿಯರಾದರೆ ಎಲ್ಲರೆದುರು ತಿದ್ದಬೇಡಿ. ‘ದೊಡ್ಡಪ್ಪ, ಇಂಥದ್ದನ್ನು ಓದಿ ಕೆಲವರು ಹೆದರಿಕೊಳ್ಳುತ್ತಾರೆ’ ಎಂದು ಅವರಿಗೊಬ್ಬರಿಗೇ ತಿಳಿಸಿ. ತೀರ್ಥ ಕುಡಿದರೆ ಶುಗರ್ ಮಾತ್ರೆ ಬೇಡ ಎಂಬ ಬಗೆಯದು ಬಂದರೆ ಮಾತ್ರ ಸುಮ್ಮನಿರಬೇಡಿ. ‘ತೀರ್ಥ ತಗೊಳ್ಳಿ, ಮಾತ್ರೆ ಬಿಡಬೇಡಿ’ ಎಂದು ಗ್ರೂಪಿನಲ್ಲೇ ಹೇಳಬೇಕಾದ ಮಾತು ಅದು.

ಹಬ್ಬದ ಶುಭಾಶಯದಲ್ಲಿ ಎಡವುವ ಜಾಗ

ಎಲ್ಲಕ್ಕೂ ‘ಹಾರ್ದಿಕ ಶುಭಾಶಯಗಳು’ ಅಂಟಿಸುವುದು ನಮ್ಮ ಕೈಗೆ ಅಭ್ಯಾಸವಾಗಿದೆ. ಮೊದಲ ಗುಂಡಿ ಗುಡ್ ಫ್ರೈಡೇ. ಕನ್ನಡದಲ್ಲಿ ಅದನ್ನು ‘ಶುಭ ಶುಕ್ರವಾರ’ ಎನ್ನುವುದರಿಂದ ಅದರ ಹಿಂದೆ ಶುಭಾಶಯ ತಾನಾಗಿ ಬಂದುಬಿಡುತ್ತದೆ. ಅದು ಏಸು ಸ್ವಾಮಿಯನ್ನು ಶಿಲುಬೆಗೇರಿಸಿದ ದಿನ, ಉಪವಾಸ ಮತ್ತು ಮೌನದ ದಿನ. ಶುಭಾಶಯ ಭಾನುವಾರದ ಈಸ್ಟರ್‌ಗೆ ಇಟ್ಟುಕೊಳ್ಳಿ.

ಮೊಹರಂ ಇನ್ನೂ ಸೂಕ್ಷ್ಮ. ಗೌರಿಬಿದನೂರು ತಾಲ್ಲೂಕಿನ ಅಲಿಪುರದಂಥ ಶಿಯಾ ಊರಿನವರಿಗೆ ಹತ್ತನೆಯ ದಿನ, ಇಮಾಮ್ ಹುಸೇನರು ಹತರಾದ ಕರ್ಬಲಾದ ಶೋಕ; ಅವರಿಗೆ ‘ಹ್ಯಾಪಿ ಮೊಹರಂ’ ಕಳಿಸುವುದು ತಿಥಿಯ ಮನೆಗೆ ಪಟಾಕಿ ಒಯ್ದ ಹಾಗೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದೇ ದಿನ ಹಿಂದೂಗಳೂ ಸೇರಿ ಪಂಜಾ (ಹಸ್ತದ ಆಕಾರದ ಲೋಹದ ಗುರುತು) ಹೊರುತ್ತಾರೆ, ಹುಲಿವೇಷ ಹಾಕುತ್ತಾರೆ, ಅದನ್ನು ಹಬ್ಬವೆಂದೇ ಕರೆಯುತ್ತಾರೆ. ಕಳಿಸುವ ಮುನ್ನ ಯಾರಿಗೆ ಕಳಿಸುತ್ತಿದ್ದೇವೆ ಎಂದು ನೋಡಿಕೊಳ್ಳುವುದೊಂದೇ ದಾರಿ.

ತಾರೀಖಿನ ತೊಡಕೂ ಇದೆ. ರಂಜಾನ್ ಈದ್ ಚಂದ್ರದರ್ಶನಕ್ಕೆ ಕಟ್ಟುಬಿದ್ದದ್ದು. ಕರಾವಳಿಯಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವ ರೂಢಿ ಇರುವುದರಿಂದ ಮಂಗಳೂರಿನ ಈದ್ ಕೆಲವು ವರ್ಷ ಬೆಂಗಳೂರಿಗಿಂತ ಒಂದು ದಿನ ಮೊದಲೇ ಬರುತ್ತದೆ. ಹಿಂದಿನ ದಿನವೇ ‘ಈದ್ ಮುಬಾರಕ್’ ಕಳಿಸಿದರೆ ಎದುರಿನವರು ಇನ್ನೂ ಉಪವಾಸದಲ್ಲಿರಬಹುದು. ಉಡುಪಿಯ ಕೃಷ್ಣಮಠದ ಅಷ್ಟಮಿ ಸೌರಮಾನದ್ದು. ಕೆಲವು ವರ್ಷ ಉಳಿದ ಕಡೆಗಿಂತ ತಿಂಗಳಷ್ಟು ತಡ. ಏಕಾದಶಿಯೂ ಸ್ಮಾರ್ತರಿಗೊಂದು ದಿನ, ಮಾಧ್ವರಿಗೊಂದು ದಿನ ಆಗುವುದುಂಟು. ‘ನಿಮ್ಮಲ್ಲಿ ಹಬ್ಬ ಯಾವತ್ತು?’ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ, ಕೇಳಿಸಿಕೊಂಡವರಿಗೆ ಖುಷಿಯೇ ಆಗುತ್ತದೆ. ಮಂಗಳೂರು ಕಡೆಯ ಕೆಥೊಲಿಕರ ಮೊಂತಿ ಹಬ್ಬಕ್ಕೆ ಈ ಗೊಂದಲ ಇಲ್ಲ: ಸೆಪ್ಟೆಂಬರ್ 8, ಹೊಸ ತೆನೆ, ಸಸ್ಯಾಹಾರದ ಊಟ.

ಜೈನ ಸ್ನೇಹಿತರಿಗೆ ಅವರ ಪರ್ಯೂಷಣ ಪರ್ವದ ಹೊತ್ತಿಗೆ ಎಲ್ಲರೂ ಕ್ಷಮೆ ಕೇಳುವ ‘ಮಿಚ್ಛಾಮಿ ದುಕ್ಕಡಂ’ ಕಳಿಸುತ್ತಾರೆ. ಅದು ಹೆಚ್ಚಾಗಿ ಶ್ವೇತಾಂಬರರ ಮಾತು. ಕನ್ನಡ ಜೈನರಲ್ಲಿ ದಿಗಂಬರರೇ ಹೆಚ್ಚು. ಅವರ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವುದು ‘ಉತ್ತಮ ಕ್ಷಮಾ’. ತಪ್ಪಾಗಿ ಕಳಿಸಿದರೆ ಯಾರೂ ಮುನಿಯುವುದಿಲ್ಲ, ಸರಿಯಾಗಿ ಕಳಿಸಿದರೆ ನೆನಪಿಟ್ಟುಕೊಳ್ಳುತ್ತಾರೆ.

ಬಹಳ ಜನ ಮರೆಯುವುದು ಸಾವಾದ ಮನೆಯನ್ನು. ವರ್ಷ ತುಂಬುವವರೆಗೆ ಹಬ್ಬ ಮಾಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬ್ರಾಡ್‌ಕಾಸ್ಟ್ ಪಟ್ಟಿ ಹಾಗೇ ಬಿಟ್ಟಿದ್ದರೆ ದೀಪಾವಳಿಯ ಹಣತೆ ಅಲ್ಲಿಗೂ ಹೋಗುತ್ತದೆ. ಯುಗಾದಿಗೊಮ್ಮೆ, ದಸರೆಗೊಮ್ಮೆ ಆ ಪಟ್ಟಿ ತೆರೆದು ಅಂಥ ಹೆಸರು ತೆಗೆಯಿರಿ. ಆ ಮನೆಗೆ ಹಬ್ಬದ ದಿನ ‘ನೆನಪಾಯ್ತು, ಹೇಗಿದ್ದೀರಿ?’ ಎಂದು ಬರೆದರೆ ಸಾಕು.

ಮಾರಿ ಜಾತ್ರೆಯ ಬಲಿಯಾಗಲಿ, ಬಕ್ರೀದಿನ ಕುರ್ಬಾನಿಯಾಗಲಿ, ರಕ್ತದ ಚಿತ್ರ ಗ್ರೂಪಿಗೆ ಬೇಡ. ಸುಪ್ರಭಾತದ ಆಡಿಯೋ ಬೆಳಗಿನ 5 ಗಂಟೆಗೆ ಬೇಡ; ರಾತ್ರಿಪಾಳಿ ಮುಗಿಸಿ ಮಲಗಿದವರಿರುತ್ತಾರೆ.

ಸಾವಿನ ಸುದ್ದಿಗೆ

‘ಓಂ ಶಾಂತಿ’ ಎಂದು ನೂರು ಜನ ಬರೆದ ಮೇಲೆ, ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂಬ ಮೆಸೇಜು ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಅಡ್ಮಿನ್ ಮಾಡಬೇಕಾದ ಮೊದಲ ಕೆಲಸ ಸಮಯ, ಜಾಗ, ಮನೆಯವರ ಪರವಾಗಿ ಮಾತಾಡುವವರ ನಂಬರು ಇರುವ ಮೆಸೇಜನ್ನು 24 ಗಂಟೆಗೆ ಪಿನ್ ಮಾಡುವುದು. ಉಳಿದವರು ಆ ಸುದ್ದಿಗೆ ಕೈಮುಗಿದ ರಿಯಾಕ್ಷನ್ ಹಾಕಬಹುದು. ಹೆಬ್ಬೆರಳು ಬೇಡ, ನೋಡಿದೆ ಎಂಬ ಅರ್ಥದಲ್ಲೇ ಹಾಕಿದರೂ ಚೆನ್ನಾಯಿತು ಎಂದ ಹಾಗೆ ಕಾಣುತ್ತದೆ.

ಪದಗಳ ವಿಷಯಕ್ಕೆ ಬಂದರೆ, ಲಿಂಗಾಯತರಲ್ಲಿ ‘ಲಿಂಗೈಕ್ಯರಾದರು’ ಎನ್ನುತ್ತಾರೆ. ಲಿಂಗದಲ್ಲಿ ಒಂದಾದವರ ಆತ್ಮಕ್ಕೆ ಮತ್ತೆ ಶಾಂತಿ ಕೋರುವುದು ಕೆಲವರಿಗೆ ಹಿಡಿಸುವುದಿಲ್ಲ. ‘ಬೃಂದಾವನಸ್ಥರಾದರು’ ಎಂಬುದು ಮಾಧ್ವ ಯತಿಗಳಿಗೆ ಮಾತ್ರ, ಗೃಹಸ್ಥರಿಗೆ ಬಳಸಿದರೆ ಆಭಾಸ. ಮುಸ್ಲಿಮರು ಬರೆಯುವ ‘ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್’ ಎಂಬುದಕ್ಕೆ ನಾವು ಅಲ್ಲಾಹನವರು, ಅವನ ಕಡೆಗೇ ಮರಳುವವರು ಎಂದರ್ಥ. ಉಳಿದವರು ಅದನ್ನು ತಡವರಿಸಿ ಟೈಪ್ ಮಾಡಬೇಕಿಲ್ಲ. ಯಾವ ಮತವೆಂದು ಗೊತ್ತಿಲ್ಲದಿದ್ದರೆ, ಅಥವಾ ದೇವರನ್ನು ನಂಬದ ಮನೆಯಾದರೆ, ‘ಈ ದುಃಖ ತಡೆದುಕೊಳ್ಳುವ ಶಕ್ತಿ ನಿಮಗೆ ಬರಲಿ, ಏನೇ ಬೇಕಾದರೂ ಹೇಳಿ’ ಎಂಬುದು ಎಲ್ಲ ಕಡೆ ನಡೆಯುತ್ತದೆ. ಅಲ್ಲೂ ‘ಲಿ’ಯೇ. ‘ಕರ್ಮ’, ‘ಋಣ ತೀರಿತು’, ‘ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ’ ಎಂಬ ವ್ಯಾಖ್ಯಾನ ಮನೆಯವರ ಬಾಯಿಂದ ಬಂದರೆ ಬರಲಿ, ನಿಮ್ಮಿಂದ ಬೇಡ.

ಹೆಸರು ಹಿಡಿಯುವಾಗ

ಕನ್ನಡದಲ್ಲಿ ನಮ್ಮ ದೇವರಿಗೆ ಏಕವಚನದ ಸಲಿಗೆಯುಂಟು. ‘ನೀನೇ ಕಾಪಾಡಪ್ಪ’ ಅನ್ನುತ್ತೇವೆ. ಆ ಸಲಿಗೆ ಬೇರೆಯವರ ಪೂಜ್ಯರ ಮೇಲೆ ನಡೆಯುವುದಿಲ್ಲ. ಪ್ರವಾದಿ ಮುಹಮ್ಮದರು, ಬಸವಣ್ಣನವರು, ಮಹಾವೀರರು ಎಂದೇ ಬರೆಯಿರಿ. ವಾದದ ನಡುವೆ ಬಹುವಚನ ಏಕವಚನಕ್ಕೆ ಇಳಿದ ಆ ಗಳಿಗೆಯಿಂದ ಜಗಳದ ಬಣ್ಣವೇ ಬೇರೆಯಾಗುತ್ತದೆ. ‘ನಿಮ್ಮ ಜನ’, ‘ನಿಮ್ಮವರು’ ಎಂಬ ಪದಗಳೂ ಹಾಗೆಯೇ: ಎದುರಿಗಿರುವ ಒಬ್ಬರಿಗೆ ಸಾವಿರಾರು ಜನರ ಲೆಕ್ಕ ಒಪ್ಪಿಸುತ್ತವೆ.

ನಮಸ್ಕಾರದಲ್ಲಿ ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ‘ಶರಣು ಶರಣಾರ್ಥಿ’ಗೆ ‘ಶರಣು’, ಸಲಾಮಿಗೆ ‘ವಅಲೈಕುಮ್ ಅಸ್ಸಲಾಮ್’, ‘ಜೈ ಜಿನೇಂದ್ರ’ಕ್ಕೆ ಅದೇ, ‘ಜೈ ಭೀಮ್’ಗೆ ಅದೇ, ಒಗ್ಗದಿದ್ದರೆ ‘ನಮಸ್ಕಾರ’. ಆದರೆ ಮಾತಿನ ಮೊದಲಿಗೆ ಬಂದ ದೇವರ ನಾಮ ನಮಸ್ಕಾರ, ವಾದದ ಕೊನೆಗೆ ಬಂದದ್ದು ಘೋಷಣೆ. ಕೈಮುಗಿದ ಇಮೋಜಿಯೂ ಹಾಗೆಯೇ, ಜಗಳದ ಕೆಳಗೆ ಬಿದ್ದರೆ ‘ಸಾಕು ಮಾರಾಯ’ ಎಂದೇ ಓದಿಕೊಳ್ಳುತ್ತಾರೆ.

ತಪ್ಪು ಬಿದ್ದ ಮೇಲೆ

ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನದ ತನಕ ಎಲ್ಲರ ಫೋನಿನಿಂದ ಅಳಿಸಬಹುದು. ಆದರೆ ಅಳಿಸಿದ ಗುರುತು ಉಳಿಯುತ್ತದೆ, ಓದಿದವರು ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಆದ್ದರಿಂದ ಸುಮ್ಮನೆ ಅಳಿಸಿ ಕೂರಬೇಡಿ. ಅಳಿಸಿ, ಕೆಳಗೆ ಒಂದು ಸಾಲು ಬರೆಯಿರಿ. ಅದರಲ್ಲಿ ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂಬ ‘ಇದ್ದರೆ’ ಬೇಡ. ನೋವಾಯಿತೆಂದು ಹೇಳಿದವರನ್ನೇ ಅದು ಅನುಮಾನಿಸುತ್ತದೆ. ‘ಪರಿಶೀಲಿಸದೆ ಕಳಿಸಿದೆ, ನನ್ನ ತಪ್ಪು, ಅಳಿಸಿದ್ದೇನೆ’ ಎಂದಷ್ಟೇ ಬರೆದು ನಿಲ್ಲಿಸಿ. ಹಿಂದೆ ‘ಆದರೆ’ ಹಚ್ಚಬೇಡಿ.

‘ಬಂದದ್ದನ್ನು ಫಾರ್ವರ್ಡ್ ಮಾಡಿದೆ ಅಷ್ಟೇ’ ಎಂಬುದು ಪೊಲೀಸ್ ಠಾಣೆಯಲ್ಲಿ ದೊಡ್ಡ ರಕ್ಷಣೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ, 196ನೇ ಕಲಂ ಧರ್ಮದ ಹೆಸರಲ್ಲಿ ದ್ವೇಷ ಬೆಳೆಸುವುದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು ಉಂಟು.

ಅಡ್ಮಿನ್‌ಗಳಿಗೆ ಕೊನೆಯದಾಗಿ: ನಿಯಮವನ್ನು ಜಗಳ ಆದ ದಿನ ಬರೆಯಬೇಡಿ, ಆಗ ಅದು ಒಬ್ಬರ ಮೇಲೆ ಬರೆದ ಹಾಗಾಗುತ್ತದೆ. ತಣ್ಣಗಿರುವ ದಿನ ಗ್ರೂಪಿನ ವಿವರಣೆಯಲ್ಲಿ ಹಾಕಿ: ‘ಯಾರ ಹಬ್ಬವಾದರೂ ಅವತ್ತು ಒಬ್ಬರಿಂದ ಒಂದು ಶುಭಾಶಯ. ಪ್ರಸಾದ ಹಂಚುವವರು ಅದರಲ್ಲಿ ಏನೇನಿದೆ ಎಂದು ಬರೆಯಿರಿ. ಧರ್ಮದ ಚರ್ಚೆ, ಫಾರ್ವರ್ಡ್ ವಿಡಿಯೋ ಇಲ್ಲಿ ಬೇಡ.’ ಗಣೇಶನ ಹಬ್ಬಕ್ಕೆ ನಲವತ್ತು ಚಿತ್ರ ಬಿಟ್ಟು ಕ್ರಿಸ್ಮಸ್ಸಿನ ಎರಡನೆಯ ಚಿತ್ರಕ್ಕೆ ಈ ನಿಯಮ ನೆನಪಿಸಿದರೆ ಗ್ರೂಪಿನಲ್ಲಿ ಯಾರೂ ಏನೂ ಹೇಳುವುದಿಲ್ಲ. ಕೆಲವರು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ, ಆ ಸೂಚನೆ ಬರುವುದು ಅಡ್ಮಿನ್‌ಗೆ ಮಾತ್ರ.