ನೀಲಿ ಚುಕ್ಕೆ ದಾರಿ ತಪ್ಪಿದರೆ: ಮೊಬೈಲ್ ಜಿಪಿಎಸ್ ದೋಷ ಪತ್ತೆ ಹೀಗೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಏರಿದ್ದೀರಿ. ಇಳಿಯಲು ಇನ್ನೂ ಕಿಲೋಮೀಟರುಗಟ್ಟಲೆ ಬಾಕಿ. ಅಷ್ಟರಲ್ಲಿ ಮೊಬೈಲ್ ‘200 ಮೀಟರ್‌ನಲ್ಲಿ ಎಡಕ್ಕೆ ತಿರುಗಿ’ ಎನ್ನುತ್ತದೆ. ಎಡಕ್ಕಿರುವುದು ತಡೆಗೋಡೆ. ಇದಕ್ಕೂ, ಮನೆಯಲ್ಲೇ ಕೂತವರನ್ನು ಪಕ್ಕದ ಬಡಾವಣೆಯಲ್ಲಿ ತೋರಿಸುವುದಕ್ಕೂ, ಮೆಟ್ರೊ ನಿಲ್ದಾಣದಿಂದ ಹೊರಬಿದ್ದ ಕೂಡಲೇ ಬಾಣ ಗರಗರ ತಿರುಗುವುದಕ್ಕೂ ನಾವಿಡುವ ಹೆಸರು ಒಂದೇ: ‘ಜಿಪಿಎಸ್ ಹಾಳಾಗಿದೆ’. ಮೂರಕ್ಕೂ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ. ಹಾಗಾಗಿ ರೀಸೆಟ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತಪ್ಪಿರುವುದು ನಮ್ಮ ಸ್ಥಳ ತೋರಿಸುವ ನೀಲಿ ಚುಕ್ಕೆಯೋ, ದಿಕ್ಕು ತೋರಿಸುವ ಬಾಣವೋ, ನಕ್ಷೆಯೋ?

ಮೊದಲು ಬಯಲಿಗೆ ಬನ್ನಿ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಸಂಕೇತ ನಮ್ಮ ಕೈಸೇರುವ ಹೊತ್ತಿಗೆ ತೀರಾ ಕ್ಷೀಣ. ಆರ್‌ಸಿಸಿ ಛಾವಣಿಯ ಕೆಳಗೆ ಕೂತು ಪರೀಕ್ಷೆ ಮಾಡಿದರೆ ಫೋನನ್ನು ದೂರಿ ಪ್ರಯೋಜನವಿಲ್ಲ. ತಾರಸಿಗೋ ಆಟದ ಮೈದಾನಕ್ಕೋ ಹೋಗಿ. ತಾರಸಿಯಾದರೆ ನೀರಿನ ಟ್ಯಾಂಕ್ ಮತ್ತು ಸೋಲಾರ್ ಹೀಟರ್‌ನಿಂದ ನಾಲ್ಕಾರು ಹೆಜ್ಜೆ ದೂರ ನಿಲ್ಲಿ. ನೀರು, ಲೋಹ ಎರಡೂ ಸಂಕೇತಕ್ಕೆ ಅಡ್ಡ. ಫೋನಿನ ಮೇಲ್ತುದಿಯನ್ನು ಅಂಗೈಯಿಂದ ಮುಚ್ಚದೆ ಹಿಡಿದು ಎರಡು ಮೂರು ನಿಮಿಷ ಕಾಯಿರಿ.

ಈಗ ಗೂಗಲ್ ಮ್ಯಾಪ್ಸ್ ನೋಡಿ. ಚುಕ್ಕೆಯ ಸುತ್ತ ತಿಳಿನೀಲಿ ವೃತ್ತವಿದ್ದರೆ ‘ಈ ವೃತ್ತದೊಳಗೆ ಎಲ್ಲೋ ಇದ್ದೀರಿ’ ಎಂದರ್ಥ. ವೃತ್ತ ಕುಗ್ಗುತ್ತಾ ಬಂದು ಚುಕ್ಕೆಯಷ್ಟೇ ಉಳಿದರೆ ಒಳ್ಳೆಯದು. ಚುಕ್ಕೆ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಹಳೆಯ ಸ್ಥಳ, ಹೊಸದು ಇನ್ನೂ ಸಿಕ್ಕಿಲ್ಲ. ಬಯಲಿನಲ್ಲಿ ಸಾಮಾನ್ಯ ಸ್ಮಾರ್ಟ್‌ಫೋನ್ ಸುಮಾರು 5 ಮೀಟರ್ ನಿಖರತೆ ಕೊಡುತ್ತದೆ. ನಿಮ್ಮ ಮನೆ ಬದಲು ಎದುರುಮನೆಯ ಗೇಟ್ ತೋರಿಸಿದರೆ ಅದು ದೋಷವಲ್ಲ. ಆ ವ್ಯವಸ್ಥೆಯ ಮಿತಿಯೇ ಅಷ್ಟು.

ಬಯಲಿನಲ್ಲಿ ಚುಕ್ಕೆ ಸರಿಯಾಗಿದ್ದು, ಬೇರೆಡೆ ಮಾತ್ರ ಎಡವುತ್ತಿದ್ದರೆ ಆಂಟೆನಾ ಚೆನ್ನಾಗಿದೆ. ಬಯಲಲ್ಲೂ ಅರ್ಧ ಕಿಲೋಮೀಟರ್ ಆಚೆ ಕೂತಿದ್ದರೆ ಸೆಟ್ಟಿಂಗ್ಸ್ ತೆರೆಯಿರಿ.

ಒಂದು ಸ್ವಿಚ್‌ನ ಎಡವಟ್ಟು

ಆ್ಯಂಡ್ರಾಯ್ಡ್ 12 ಮತ್ತು ಐಒಎಸ್ 14ರಿಂದೀಚೆಗೆ ಪ್ರತಿ ಆ್ಯಪ್‌ಗೂ ನಿಖರ ಸ್ಥಳ ಕೊಡಬೇಕೋ ಅಂದಾಜು ಸ್ಥಳ ಕೊಡಬೇಕೋ ಎಂದು ನಾವೇ ಆರಿಸಬಹುದು. ಆ್ಯಪ್ ಹಾಕಿಕೊಳ್ಳುವಾಗ ಅವಸರದಲ್ಲಿ ‘ಅಪ್ರಾಕ್ಸಿಮೇಟ್’ ಒತ್ತಿದ್ದರೆ ಆಯಿತು: ಆ್ಯಂಡ್ರಾಯ್ಡ್‌ನಲ್ಲಿ ಅದರರ್ಥ ಸುಮಾರು 3 ಚದರ ಕಿಲೋಮೀಟರ್‌ನೊಳಗೆ ಎಲ್ಲೋ ಒಂದು ಕಡೆ. ನೀವು ಜಯನಗರ 4ನೇ ಬ್ಲಾಕ್‌ನಲ್ಲಿದ್ದರೆ ಆಟೊ ಪಕ್ಕದ ಬ್ಲಾಕ್‌ಗೆ ಬಂದು ನಿಲ್ಲುತ್ತದೆ. ಒಂದು ಆ್ಯಪ್‌ನಲ್ಲಿ ಸ್ಥಳ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ಬಹುಪಾಲು ಇದೇ ಕಾರಣ.

ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಆ್ಯಪ್ ಪರ್ಮಿಶನ್ಸ್ ಎಂದು ಹೋಗಿ, ಆ್ಯಪ್ ಆರಿಸಿ ‘ಯೂಸ್ ಪ್ರಿಸೈಸ್ ಲೊಕೇಶನ್’ ಆನ್ ಮಾಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವೀಸಸ್, ಅಲ್ಲಿ ಆ್ಯಪ್ ಹೆಸರು ಒತ್ತಿದರೆ ಕೆಳಗೆ ‘ಪ್ರಿಸೈಸ್ ಲೊಕೇಶನ್’ ಇರುತ್ತದೆ.

ಡೆಲಿವರಿ, ಕ್ಯಾಬ್ ಓಡಿಸುವವರು ಇನ್ನೊಂದನ್ನೂ ನೋಡಬೇಕು. ಸ್ಕ್ರೀನ್ ಆರಿದ ಕೂಡಲೇ ಸ್ಥಳ ನಿಂತುಹೋಗಿ, ಮತ್ತೆ ತೆರೆದಾಗ ಚುಕ್ಕೆ ನೆಗೆದು ಬರುತ್ತಿದ್ದರೆ ಅದು ಬ್ಯಾಟರಿ ಉಳಿಸುವ ಏರ್ಪಾಡಿನ ಕೆಲಸ. ಬ್ಯಾಟರಿ ಸೇವರ್ ಆಫ್ ಮಾಡಿ. ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್‌ನ ಬ್ಯಾಟರಿ ಭಾಗಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಸೆಕೆಂಡ್‌ಹ್ಯಾಂಡ್ ಫೋನ್ ಕೊಂಡವರು ಡೆವಲಪರ್ ಆಪ್ಶನ್ಸ್‌ನಲ್ಲಿ ‘ಸೆಲೆಕ್ಟ್ ಮಾಕ್ ಲೊಕೇಶನ್ ಆ್ಯಪ್’ ಎಂಬಲ್ಲಿ ಯಾವ ಆ್ಯಪ್‌ನ ಹೆಸರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಮಾಲೀಕರು ನಕಲಿ ಸ್ಥಳ ತೋರಿಸುವ ಆ್ಯಪ್ ಬಿಟ್ಟುಹೋಗಿದ್ದರೆ ಯಾವ ರಿಪೇರಿಯೂ ನಾಟುವುದಿಲ್ಲ.

ಮನೆ ಬದಲಿಸಿದ ವೈಫೈ

ಫೋನ್ ಬರೀ ಉಪಗ್ರಹ ನೋಡಿ ಸ್ಥಳ ಹೇಳುವುದಿಲ್ಲ. ಸುತ್ತಮುತ್ತಲಿನ ವೈಫೈ ರೂಟರ್‌ಗಳು, ಮೊಬೈಲ್ ಟವರ್‌ಗಳ ಗುರುತನ್ನೂ ಹಿಡಿದು, ಅವು ಎಲ್ಲಿವೆ ಎಂಬ ದೊಡ್ಡ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಮನೆಯೊಳಗೆ, ಮಾಲ್‌ನಲ್ಲಿ, ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ಚುಕ್ಕೆ ಕಾಣಿಸುವುದೇ ಇದರಿಂದ.

ತೊಂದರೆ ಹುಟ್ಟುವುದೂ ಇಲ್ಲೇ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಊರು ನಮ್ಮದು. ವಿಜಯನಗರದ ಬಾಡಿಗೆ ಮನೆ ಬಿಟ್ಟು ವೈಟ್‌ಫೀಲ್ಡ್‌ಗೆ ಬಂದವರ ರೂಟರ್ ಹಳೆಯ ವಿಳಾಸವನ್ನೂ ಹೊತ್ತು ತರುತ್ತದೆ. ಹೊಸ ಮನೆಯ ಹಾಲ್‌ನಲ್ಲಿ ಕೂತರೆ ಫೋನ್ ವಿಜಯನಗರ ಎನ್ನುತ್ತದೆ, ಬಾಲ್ಕನಿಗೆ ಬಂದರೆ ವೈಟ್‌ಫೀಲ್ಡ್ ಎನ್ನುತ್ತದೆ. ಪರೀಕ್ಷೆ ಸುಲಭ: ವೈಫೈ ಆಫ್ ಮಾಡಿ, ಆ್ಯಂಡ್ರಾಯ್ಡ್ ಆದರೆ ಲೊಕೇಶನ್ ಸರ್ವೀಸಸ್‌ನಲ್ಲಿ ‘ವೈಫೈ ಸ್ಕ್ಯಾನಿಂಗ್’ ಕೂಡ ಆಫ್ ಮಾಡಿ, ಕಿಟಕಿಯ ಬಳಿ ನಿಲ್ಲಿ. ನೆಗೆತ ನಿಂತರೆ ತಪ್ಪಿತಸ್ಥ ರೂಟರ್. ಅದನ್ನು ಬದಲಿಸಬೇಕಿಲ್ಲ. ಸುತ್ತಲಿನ ಫೋನ್‌ಗಳು ಹೊಸ ಜಾಗದಲ್ಲಿ ಅದನ್ನು ಗುರುತಿಸುತ್ತಾ ಹೋದಂತೆ ಪಟ್ಟಿ ತಾನಾಗಿ ತಿದ್ದಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಸ್ಕ್ಯಾನಿಂಗ್ ಮತ್ತೆ ಆನ್ ಮಾಡಿ. ಶಾಶ್ವತವಾಗಿ ಆಫ್ ಇಟ್ಟರೆ ಒಳಾಂಗಣದಲ್ಲಿ ನಿಖರತೆ ಕುಸಿಯುತ್ತದೆ.

ಚುಕ್ಕೆ ಬರಲು ಐದು ನಿಮಿಷ ಏಕೆ?

ಸ್ಥಳ ಲೆಕ್ಕಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ದಿಕ್ಕಿನ ಅಳತೆಗೆ ಮೂರು, ಫೋನಿನ ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದು. ಸಮಯ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಜೊತೆಗೆ ಪ್ರತಿ ಉಪಗ್ರಹ ಆ ಕ್ಷಣ ಎಲ್ಲಿದೆ ಎಂಬ ಕಕ್ಷೆಯ ವಿವರವೂ ಬೇಕು. ಈ ವಿವರವನ್ನು ಉಪಗ್ರಹ 30 ಸೆಕೆಂಡ್‌ಗೊಮ್ಮೆ ಬಿತ್ತರಿಸುತ್ತದೆ. ನಡುವೆ ಮರವೋ ಕಟ್ಟಡವೋ ಅಡ್ಡ ಬಂದು ತುಂಡಾದರೆ ಮುಂದಿನ ಸರದಿಗೆ ಕಾಯಬೇಕು. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಆಕಾಶದಿಂದಲೇ ಇಳಿಯಬೇಕೆಂದರೆ ಪೂರ್ತಿ 12.5 ನಿಮಿಷ.

ನಮಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ, ಏಕೆಂದರೆ ಫೋನ್ ಇದೇ ವಿವರವನ್ನು ಇಂಟರ್ನೆಟ್‌ನಿಂದ ಚಣದಲ್ಲಿ ತರಿಸಿಕೊಳ್ಳುತ್ತದೆ. ಡೇಟಾ ಆಫ್ ಇದ್ದರೆ, ಫೋನನ್ನು ದಿನಗಟ್ಟಲೆ ಸ್ವಿಚ್ ಆಫ್ ಮಾಡಿದ್ದರೆ, ದಿನಾಂಕ ಕೈಯಾರೆ ತಪ್ಪಾಗಿ ಹಾಕಿದ್ದರೆ ಆ ಅನುಕೂಲ ತಪ್ಪುತ್ತದೆ. ದಿನಾಂಕ ಮತ್ತು ಸಮಯವನ್ನು ‘ಆಟೊಮ್ಯಾಟಿಕ್’ಗೆ ಬಿಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲೇ ನ್ಯಾವಿಗೇಶನ್ ಶುರು ಮಾಡಿ ಗಾಡಿ ಓಡಿಸಬೇಡಿ. ರ‍್ಯಾಂಪ್ ಹತ್ತಿ ಹೊರಬಂದು ಅರ್ಧ ನಿಮಿಷ ನಿಂತು, ಚುಕ್ಕೆ ರಸ್ತೆಯ ಮೇಲೆ ಕೂತ ಮೇಲೆ ಹೊರಡಿ.

ಆದರೂ ತಡವಾದರೆ ಆ್ಯಂಡ್ರಾಯ್ಡ್‌ನವರು ‘ಜಿಪಿಎಸ್‌ಟೆಸ್ಟ್’ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಸಹಾಯಕ ದತ್ತಾಂಶ (ಫೋನ್ ಇಂಟರ್ನೆಟ್‌ನಿಂದ ತರಿಸಿಟ್ಟುಕೊಂಡ ಆ ವಿವರ) ಅಳಿಸುವ, ಹೊಸದಾಗಿ ತುಂಬುವ ಆಯ್ಕೆಗಳಿವೆ. ಡೇಟಾ ಆನ್ ಇಟ್ಟು, ಬಯಲಿನಲ್ಲಿ ನಿಂತು, ಮೊದಲು ಅಳಿಸಿ, ಆಮೇಲೆ ಸಮಯ ಮತ್ತು ಕಕ್ಷೆಯ ವಿವರ ತುಂಬಿ. ಅಳಿಸಿ ಸುಮ್ಮನೆ ಬಿಟ್ಟರೆ ಮೊದಲಿಗಿಂತ ನಿಧಾನವಾಗುತ್ತದೆ.

ಬಾಣ ಮಾತ್ರ ತಪ್ಪಿದ್ದರೆ

ಚುಕ್ಕೆ ಸರಿಯಾಗಿದ್ದು ದಿಕ್ಕು ಉಲ್ಟಾ ಆಗಿದ್ದರೆ ಉಪಗ್ರಹಗಳಿಗೂ ಅದಕ್ಕೂ ಸಂಬಂಧವಿಲ್ಲ. ನಿಂತಾಗ ದಿಕ್ಕು ಹೇಳುವುದು ಫೋನಿನೊಳಗಿನ ಕಾಂತೀಯ ದಿಕ್ಸೂಚಿ. ಮ್ಯಾಗ್ನೆಟ್ ಇರುವ ಕಾರ್ ಹೋಲ್ಡರ್, ಮ್ಯಾಗ್ನೆಟ್ ಗುಂಡಿಯ ಪೌಚ್, ಎಂ.ಜಿ. ರಸ್ತೆಯ ಮೆಟ್ರೊ ಮೆಟ್ಟಿಲ ಬಳಿಯ ಉಕ್ಕು ಇವೆಲ್ಲ ಅದನ್ನು ಗಲಿಬಿಲಿಗೊಳಿಸುತ್ತವೆ. ಕವರ್ ಕಳಚಿ, ಲೋಹದಿಂದ ದೂರ ಸರಿದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ. ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆ ಒತ್ತಿದರೆ ‘ಕ್ಯಾಲಿಬ್ರೇಟ್’ ಆಯ್ಕೆಯೂ ಸಿಗುತ್ತದೆ. ಐಫೋನ್‌ನಲ್ಲಿ ಲೊಕೇಶನ್ ಸರ್ವೀಸಸ್‌ನ ಕೊನೆಯಲ್ಲಿ ಸಿಸ್ಟಮ್ ಸರ್ವೀಸಸ್ ಒಳಗೆ ‘ಕಂಪಾಸ್ ಕ್ಯಾಲಿಬ್ರೇಶನ್’ ಆನ್ ಇರಲಿ.

ಗಾಡಿ ಓಡುವಾಗ ಫೋನ್ ಚಲನೆಯಿಂದಲೇ ದಿಕ್ಕು ತಿಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ತಿರುಗುವ ಬಾಣ ಹೊರಟ ಮೇಲೆ ಸರಿಹೋಗುವುದು ಅದಕ್ಕೇ. ನಡೆಯುವವರಿಗೂ ಇದೇ ಉಪಾಯ: ಇಪ್ಪತ್ತು ಹೆಜ್ಜೆ ಹಾಕಿ, ಚುಕ್ಕೆ ಯಾವ ಕಡೆ ಸರಿಯಿತು ನೋಡಿ, ಬಾಣವನ್ನು ಮರೆತುಬಿಡಿ.

ಫ್ಲೈಓವರ್, ಗಾಜಿನ ಕಟ್ಟಡ, ಸಂಜೆಯ ಆಕಾಶ

ಮತ್ತೆ ಆ ಎಡ ತಿರುವಿಗೆ ಬರೋಣ. ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇರುವುದರಿಂದ ಎತ್ತರದ ಲೆಕ್ಕ ಅಡ್ಡಳತೆಗಿಂತ ಸಾಮಾನ್ಯವಾಗಿ ಹೆಚ್ಚು ತಪ್ಪುತ್ತದೆ. ಫ್ಲೈಓವರ್ ಮತ್ತು ಸರ್ವಿಸ್ ರಸ್ತೆಯ ನಡುವಿನ ಎತ್ತರ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಹಾಗಾಗಿ ಆ್ಯಪ್ ಯಾವುದೋ ಒಂದು ರಸ್ತೆಯನ್ನು ಊಹಿಸುತ್ತದೆ. 2024ರ ಜುಲೈನಲ್ಲಿ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕರ್‌ನಲ್ಲಂತೂ ಕೆಳಗೊಂದು ರಸ್ತೆ, ಮೇಲೊಂದು ರಸ್ತೆ, ಅದರ ಮೇಲೆ ಮೆಟ್ರೊ ಹಳಿ. ಮೆಟ್ರೊದ ಕಾಂಕ್ರೀಟ್ ಆಕಾಶವನ್ನೂ ಅಷ್ಟಿಷ್ಟು ಮುಚ್ಚುತ್ತದೆ. ಇಲ್ಲಿ ಫೋನ್‌ನಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಏರುವ ಮೊದಲೇ ಮಾರ್ಗದ ಮುನ್ನೋಟ ನೋಡಿ, ಎಲ್ಲಿ ಇಳಿಯಬೇಕು ಎಂದು ತಿಳಿದುಕೊಳ್ಳಿ. ತಪ್ಪು ತಿರುವು ಹೇಳಿದರೆ ಬೋರ್ಡ್ ನಂಬಿ, ಫೋನನ್ನಲ್ಲ. ಮೇಖ್ರಿ ಸರ್ಕಲ್‌ನಂಥ ಅಂಡರ್‌ಪಾಸ್‌ಗಳಲ್ಲಿ ಕೆಲವು ಸೆಕೆಂಡ್ ಸಂಕೇತ ಹೋಗುತ್ತದೆ, ಫೋನ್ ಹಿಂದಿನ ವೇಗದ ಮೇಲೆ ಅಂದಾಜಿಸಿ ಮುಂದೆ ಸಾಗುತ್ತದೆ. ಅಲ್ಲೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಚುಕ್ಕೆ ನಿಮ್ಮನ್ನು ಬಿಟ್ಟು ಮುಂದೆ ಹೋಗಿಬಿಟ್ಟಿರುತ್ತದೆ.

ಔಟರ್ ರಿಂಗ್ ರೋಡ್‌ನ ಟೆಕ್ ಪಾರ್ಕ್‌ಗಳ ನಡುವೆ ಸಮಸ್ಯೆ ಬೇರೆ. ಸಂಕೇತ ಗಾಜಿನ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ದಾರಿ ಉದ್ದವಾದಷ್ಟೂ ಸ್ಥಳ ಸರಿಯುತ್ತದೆ. ಉಪಗ್ರಹಗಳು ಕಳಿಸುವ ಸಂಕೇತಗಳಲ್ಲಿ ಹಳೆಯ ಎಲ್1ಗಿಂತ ಹೊಸ ಎಲ್5 ಇಲ್ಲಿ ಎಷ್ಟೋ ಮೇಲು. 1575.42 ಮೆಗಾಹರ್ಟ್ಸ್‌ನ ಎಲ್1ನಲ್ಲಿ ಕೋಡ್‌ನ ಒಂದು ಘಟಕ ಸುಮಾರು 293 ಮೀಟರ್ ಉದ್ದ, 1176.45 ಮೆಗಾಹರ್ಟ್ಸ್‌ನ ಎಲ್5ನಲ್ಲಿ ಸುಮಾರು 29 ಮೀಟರ್. ಈ ಘಟಕ ಚಿಕ್ಕದಾದಷ್ಟೂ ನೇರ ಸಂಕೇತ ಯಾವುದು, ಪ್ರತಿಫಲನ ಯಾವುದು ಎಂದು ಬೇರ್ಪಡಿಸುವುದು ಸುಲಭ. ಫೋನ್ ಕೊಳ್ಳುವಾಗ ವಿವರಪಟ್ಟಿಯಲ್ಲಿ ‘ಡ್ಯುಯಲ್ ಫ್ರೀಕ್ವೆನ್ಸಿ’ ಅಥವಾ ಎಲ್1 ಮತ್ತು ಎಲ್5 ಎಂದಿದೆಯೇ ನೋಡಿ. ಹೆಚ್ಚು ಮೆಗಾಪಿಕ್ಸೆಲ್‌ಗಿಂತ ದಿನನಿತ್ಯ ದಾರಿ ಹುಡುಕುವವರಿಗೆ ಇದು ಉಪಯೋಗ.

‘ನಾವಿಕ್ ಇರುವ ಫೋನ್ ಕೊಳ್ಳಲೇ’ ಎಂಬುದು ಹಲವರ ಪ್ರಶ್ನೆ. ಜಿಪಿಎಸ್‌ನಂತೆಯೇ ಸ್ಥಳ ಹೇಳುವ ಇಸ್ರೊದ ಈ ವ್ಯವಸ್ಥೆಯ ಕೇಂದ್ರ ಬೆಂಗಳೂರು ಬಳಿಯ ನಮ್ಮ ಬ್ಯಾಲಾಳುವಿನಲ್ಲೇ ಇದೆ. ಅದರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭಾರತದ ಪ್ರದೇಶವನ್ನೇ ಗುರಿಯಾಗಿಟ್ಟುಕೊಂಡಿವೆ. ಆದರೆ ಹಲವು ಹಳೆಯ ಉಪಗ್ರಹಗಳ ಪರಮಾಣು ಗಡಿಯಾರ ಕೆಟ್ಟಿವೆ. ಫೋನ್ ಹೇಗೂ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌಗಳನ್ನು ಬೆರೆಸಿ ಬಳಸುತ್ತದೆ. ನಾವಿಕ್ ಇದ್ದರೆ ಒಳ್ಳೆಯದು, ಅದೊಂದಕ್ಕಾಗಿ ಫೋನ್ ಬದಲಿಸುವ ಅಗತ್ಯವಿಲ್ಲ.

ಇನ್ನೊಂದು ಕಾರಣ ಆಕಾಶದಲ್ಲೇ ಇದೆ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. ಅದರ ಆಸುಪಾಸಿನ ಊರುಗಳಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಸೂರ್ಯ ಮುಳುಗಿದ ಮೇಲೆ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಕದಡಿ ಸಂಕೇತ ಮಿನುಗುವುದುಂಟು. ಬೆಳಿಗ್ಗೆ ಸರಿಯಿದ್ದು ಸಂಜೆ ಮಾತ್ರ ಚುಕ್ಕೆ ಅಲೆದಾಡಿದರೆ ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಕಾರಿನಲ್ಲಿ ಮಾತ್ರ ತೊಂದರೆಯಾದರೆ ಲೋಹದ ಲೇಪವಿರುವ ಗಾಜು ಅಥವಾ ಟಿಂಟ್ ಫಿಲ್ಮ್, ಇಲ್ಲವೇ ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳ ಮೇಲೆ ಅನುಮಾನವಿಡಿ. ಕಳಪೆ ಡ್ಯಾಶ್‌ಕ್ಯಾಮ್ ಹೊರಸೂಸುವ ರೇಡಿಯೊ ಗದ್ದಲ ಪಕ್ಕದಲ್ಲಿರುವ ಫೋನಿನ ಕಿವಿ ಮುಚ್ಚಿಸಬಲ್ಲದು. ಒಂದೊಂದನ್ನೇ ಪ್ಲಗ್ ಕಿತ್ತು ನೋಡಿ.

ನಕ್ಷೆಯೇ ತಪ್ಪಿದ್ದರೆ

ಚುಕ್ಕೆ, ಬಾಣ ಎರಡೂ ಸರಿ. ತಲುಪಿದ್ದು ಮಾತ್ರ ಬೇರೆಯವರ ಮನೆ. ಪ್ರತಿ ಬ್ಲಾಕ್‌ನಲ್ಲೂ ಒಂದೊಂದು 5ನೇ ಕ್ರಾಸ್ ಇರುವ ಊರಲ್ಲಿ ಇದು ಮಾಮೂಲು. ವಿಳಾಸ ಬರೆದು ಕಳಿಸುವ ಬದಲು ಗೇಟಿನ ಎದುರು ನಕ್ಷೆಯ ಮೇಲೆ ಬೆರಳೊತ್ತಿ ಹಿಡಿದು ಬರುವ ಅಕ್ಷಾಂಶ-ರೇಖಾಂಶದ ಅಂಕಿ ಅಥವಾ ಪ್ಲಸ್ ಕೋಡ್ (ಆ ಜಾಗವನ್ನೇ ಸೂಚಿಸುವ ಗೂಗಲ್‌ನ ಪುಟ್ಟ ಸಂಕೇತಾಕ್ಷರ) ಕಳಿಸಿ. ಅಂಕಿ 12.9, 77.5 ಎಂಬಂತೆ ಶುರುವಾಗುತ್ತದೆ. ದಶಮಾಂಶದ ನಂತರ ಐದು ಸ್ಥಾನಗಳಿರಲಿ, ಆಗ ವ್ಯತ್ಯಾಸ ಸುಮಾರು ಒಂದು ಮೀಟರ್. ನಾಲ್ಕೇ ಇದ್ದರೆ 11 ಮೀಟರ್, ಅಂದರೆ ಪಕ್ಕದ ಸೈಟ್. ಚಿಕ್ಕಪೇಟೆಯ ಗಲ್ಲಿಯಲ್ಲಿ ಕಾರು ಸಿಲುಕಿಸಿದರೆ ನ್ಯಾವಿಗೇಶನ್ ಬೈಕ್ ಮೋಡ್‌ನಲ್ಲಿದೆಯೇ ನೋಡಿ.

ರಿಪೇರಿಗೆ ಕೊಡುವ ಮೊದಲು

ಇಷ್ಟಾದರೂ ಬಯಲಿನಲ್ಲಿ ಚುಕ್ಕೆ ಸರಿಯಾಗಿ ಕೂರದಿದ್ದರೆ ಜಿಪಿಎಸ್‌ಟೆಸ್ಟ್ ತೆರೆದು ಐದು ನಿಮಿಷ ಬಿಡಿ. ಪ್ರತಿ ಉಪಗ್ರಹದ ಎದುರು ಸಿ/ಎನ್‌0 ಎಂಬ ಅಂಕಿ ಇರುತ್ತದೆ, ಅದು ಸಂಕೇತದ ಬಲ. ತೆರೆದ ಆಕಾಶದಲ್ಲಿ ನಡುನೆತ್ತಿಯ ಉಪಗ್ರಹಗಳಿಗೆ 35ರಿಂದ 45 ಬರಬೇಕು. ಎಲ್ಲವೂ 25ರ ಕೆಳಗೇ ತೆವಳುತ್ತಿದ್ದರೆ, ಪಕ್ಕದಲ್ಲಿಟ್ಟ ಇನ್ನೊಂದು ಫೋನ್ 40 ತೋರಿಸುತ್ತಿದ್ದರೆ, ದೋಷ ಆಂಟೆನಾದ್ದು. ಮೊದಲು ಲೋಹದ ಬ್ಯಾಕ್ ಕವರ್ ತೆಗೆದು ಮತ್ತೆ ಅಳೆಯಿರಿ. ಐಫೋನ್‌ನಲ್ಲಿ ಇಂಥ ಅಂಕಿಗಳನ್ನು ಹೊರಗಿನ ಆ್ಯಪ್‌ಗಳಿಗೆ ಕೊಡುವುದಿಲ್ಲ, ಅಲ್ಲಿ ನೀಲಿ ವೃತ್ತದ ಗಾತ್ರವನ್ನೇ ಹೋಲಿಸಬೇಕು.

ಫೋನ್ ಬಿದ್ದ ಮೇಲೆ, ಅಥವಾ ಡಿಸ್‌ಪ್ಲೇ, ಬ್ಯಾಕ್ ಗ್ಲಾಸ್ ಬದಲಿಸಿದ ಮೇಲೆ ಶುರುವಾದ ತೊಂದರೆ ಸಾಮಾನ್ಯವಾಗಿ ಇದೇ. ಆಂಟೆನಾ ಫೋನಿನ ಚೌಕಟ್ಟಿನಲ್ಲಿರುತ್ತದೆ, ಬೋರ್ಡ್‌ಗೆ ಸಣ್ಣ ಸ್ಪ್ರಿಂಗ್ ಸಂಪರ್ಕದಿಂದ ಅಂಟಿಕೊಂಡಿರುತ್ತದೆ. ಅದು ಬಗ್ಗಿದರೆ, ಒಂದು ಸ್ಕ್ರೂ ಹಾಕದೆ ಬಿಟ್ಟರೆ ಸಂಕೇತ ಕುಸಿಯುತ್ತದೆ. ಎಸ್.ಪಿ. ರೋಡ್‌ನ ರಿಪೇರಿ ಅಂಗಡಿಯಲ್ಲಿ ಕೊಟ್ಟರೂ, ಕಂಪನಿ ಸರ್ವಿಸ್ ಸೆಂಟರ್‌ಗೆ ಕೊಟ್ಟರೂ ‘ಜಿಪಿಎಸ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ಸಾಫ್ಟ್‌ವೇರ್ ಹಾಕಿ, ಫೋಟೊಗಳನ್ನೆಲ್ಲ ಅಳಿಸಿ ವಾಪಸ್ ಕೊಟ್ಟಾರು. ಎರಡೂ ಫೋನ್‌ಗಳನ್ನು ಒಂದೇ ಜಾಗದಲ್ಲಿ, ಒಂದೇ ಸಮಯಕ್ಕೆ ಅಳೆದ ಸ್ಕ್ರೀನ್‌ಶಾಟ್ ತೋರಿಸಿ, ‘ಜಿಪಿಎಸ್ ಆಂಟೆನಾದ ಕಾಂಟ್ಯಾಕ್ಟ್ ನೋಡಿ’ ಎಂದು ಕೇಳಿ.