ಮಾತ್ರೆಯ ಹೆಸರನ್ನು ಬಾಲದಿಂದ ಓದಿ

ಸ್ಟ್ರಿಪ್ ಮೇಲೆ ದಪ್ಪಗೆ ಕಾಣುವ, ಕಂಪನಿ ಇಟ್ಟ ಬ್ರ್ಯಾಂಡ್ ಹೆಸರನ್ನು ಮೊದಲು ಮರೆತುಬಿಡಿ. ನಮಗೆ ಬೇಕಾದ್ದು ‘ಟ್ಯಾಬ್ಲೆಟ್ಸ್ ಐಪಿ’ ಎಂಬುದಕ್ಕೆ ಮುಂಚೆ ಇರುವ ಔಷಧದ ಹೆಸರು. ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ಕೊಡುವುದಾದರೆ ಹೆಸರು, ಎಕ್ಸ್‌ಪೈರಿ ಇರುವ ತುಂಡನ್ನೇ ಕೇಳಿ. ಮಾತ್ರೆಯ ಬಣ್ಣ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ನೆಚ್ಚಬೇಡಿ; ಬಿಳಿ ಮಾತ್ರೆಗಳೆಲ್ಲ ಒಂದೇ ಥರ ಇರುತ್ತವೆ.

ಇನ್ನು ಹೆಸರಿನ ಕೊನೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದಿಂದ ಔಷಧಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಗೊತ್ತುಮಾಡುತ್ತಿದೆ. ಒಂದೇ ಬಗೆಯಲ್ಲಿ ಕೆಲಸ ಮಾಡುವ ಔಷಧಗಳ ಗುಂಪಿಗೆ ಒಂದು ಬಾಲ. ‘ಸಾರ್ಟನ್’ ಬಾಲದ ಟೆಲ್ಮಿಸಾರ್ಟನ್, ಲೊಸಾರ್ಟನ್ ಬಿಪಿಗೆ. ‘ಗ್ಲಿಪ್ಟಿನ್’ ಬಾಲದ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಶುಗರ್‌ಗೆ.

ಎಡವುವುದು ಇಲ್ಲೇ. ಜನ ಬಾಲವನ್ನು ತೀರ ಗಿಡ್ಡ ಮಾಡಿಕೊಳ್ಳುತ್ತಾರೆ. ‘ಅಜೋಲ್’ ಎಂದಷ್ಟೇ ಹಿಡಿದರೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಜಂತುಹುಳುವಿನ ಅಲ್ಬೆಂಡಜೋಲ್ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ‘ಪ್ರಜೋಲ್’ ಎಂದು ಉದ್ದ ಮಾಡಿದರೂ ಸಾಲದು: ಅರಿಪಿಪ್ರಜೋಲ್ ಮನೋರೋಗದ ಔಷಧ, ಅದರ ಬಾಲ ‘ಪಿಪ್ರಜೋಲ್’. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ಗಳ ಬಾಲ ‘ವಾಸ್ಟಾಟಿನ್’. ಆ ‘ವಾ’ ಬಿಟ್ಟರೆ ನಿಸ್ಟಾಟಿನ್ ಕೂಡ ಅದೇ ಗುಂಪಿಗೆ ಬಂದು ಕೂರುತ್ತದೆ. ಅದು ಬಾಯಿಯ ಫಂಗಸ್‌ಗೆ ಬಳಸುವ ಔಷಧ. ನ್ಯೂಯಾರ್ಕ್ ಸ್ಟೇಟ್ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಅದನ್ನು ಕಂಡುಹಿಡಿದು, ತಮ್ಮ ರಾಜ್ಯದ ಹೆಸರನ್ನೇ ಇಟ್ಟರು. ಹಾಗಾಗಿ ಬಾಲವನ್ನು ಎಷ್ಟು ಉದ್ದ ಹಿಡಿಯಲಾಗುತ್ತದೋ ಅಷ್ಟು ಹಿಡಿಯಿರಿ, ಕನಿಷ್ಠ ಎರಡು ಔಷಧದ ಜೊತೆ ಹೋಲಿಸಿ.

ಹಳೆಯ ಕೆಲವು ಹೆಸರುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಮೊದಲ ಭಾಗ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಷನ್ನಿನ ಮೊದಲಕ್ಷರಗಳು, ಕೊನೆಯದು ಕೂಮರಿನ್ ಎಂಬ ರಾಸಾಯನಿಕದ್ದು. ಇಂಥವನ್ನು ಬಾಯಿಪಾಠ ಮಾಡುವುದೇ ಸರಿ.

ಹೆಸರಿನ ಪಕ್ಕದ ಸೋಡಿಯಂ, ಹೈಡ್ರೊಕ್ಲೋರೈಡ್‌ಗಳು ಲವಣಗಳು. ಗುಂಪು ಗುರುತಿಸಲು ಬೇಕಿಲ್ಲ. ಆದರೆ ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್ ಬದಲು ಟಾರ್ಟ್ರೇಟ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಎರಡೂ ದೇಹದಲ್ಲಿ ಕೆಲಸ ಮಾಡುವ ಅವಧಿ ಬೇರೆ.

ಕೊನೆಗೆ ಮನೆಯವರ ಔಷಧದ ಡಬ್ಬಿಯನ್ನು ಹೀಗೇ ಒಮ್ಮೆ ಓದಿ. ಇಬ್ಬರು ಡಾಕ್ಟರ ಚೀಟಿಗಳಿಂದ ಎರಡು ‘ಸಾರ್ಟನ್’ ಸೇರಿಕೊಂಡಿರಬಹುದು, ಅದರಲ್ಲೊಂದು ಎರಡು ಔಷಧ ಸೇರಿಸಿದ ಜೋಡಿ ಮಾತ್ರೆಯೊಳಗೆ ಅಡಗಿರಬಹುದು. ಕಂಡರೆ ನೀವಾಗಿ ನಿಲ್ಲಿಸಬೇಡಿ, ಎರಡೂ ಸ್ಟ್ರಿಪ್ ಹಿಡಿದು ಅವತ್ತೇ ಡಾಕ್ಟರಿಗೆ ತೋರಿಸಿ.